ಸರ್ಕಾರ ಉಳಿಯಲು ಎಣಿಕೆ, ಕಾನೂನು ಆಗಲು ಕೂಗು

2020ರ ಡಿಸೆಂಬರ್ 8ರಂದು ರೈತ ಸಂಘಟನೆಗಳು ಭಾರತ್ ಬಂದ್‌ಗೆ ಕರೆ ಕೊಟ್ಟಿದ್ದವು. ಅದೇ ದಿನ ಕರ್ನಾಟಕ ವಿಧಾನ ಪರಿಷತ್ತಿನ ಮುಂದೆ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಮಸೂದೆ ಬಂತು. ಕೃಷಿಕರಲ್ಲದವರು ಜಮೀನು ಕೊಳ್ಳುವುದಕ್ಕೆ ಅಡ್ಡಿಯಾಗಿದ್ದ 79ಎ, 79ಬಿ ಕಲಮುಗಳನ್ನು ಕಿತ್ತುಹಾಕುವ ಮಸೂದೆ ಅದು. ಆಗ ಆಡಳಿತದಲ್ಲಿದ್ದ ಬಿಜೆಪಿಗೆ ಪರಿಷತ್ತಿನಲ್ಲಿ ಸ್ವಂತ ಬಹುಮತ ಇರಲಿಲ್ಲ. ಮತ ಎಣಿಸಿದರು. ಪರವಾಗಿ 37, ವಿರುದ್ಧ 21. ಅಲ್ಲಿಯವರೆಗೆ ಮಸೂದೆಯನ್ನು ವಿರೋಧಿಸುತ್ತ ಬಂದಿದ್ದ ಜೆಡಿಎಸ್ ಅದರ ಪರ ನಿಂತದ್ದು ಆ ಎಣಿಕೆಯಲ್ಲಿ ಎಲ್ಲರಿಗೂ ಕಂಡಿತು. ರೈತ ಮುಖಂಡರು ಪಕ್ಷವನ್ನು ನೇರವಾಗಿ ತರಾಟೆಗೆ ತೆಗೆದುಕೊಂಡರು. ಪಕ್ಷದ ನಾಯಕರು ತಮ್ಮ ನಿಲುವು ಬದಲಾದದ್ದೇಕೆಂದು ಜನರ ಮುಂದೆ ವಿವರಣೆ ಕೊಡಬೇಕಾಯಿತು. ಆ ವಿವರಣೆ ಒಪ್ಪಿಗೆಯಾಯಿತೋ ಇಲ್ಲವೋ, ಕೇಳುವವರಿಗೆ ಕೇಳಲು ಒಂದು ಆಧಾರ ಇತ್ತು.

ಎರಡು ತಿಂಗಳ ನಂತರ, 2021ರ ಫೆಬ್ರವರಿ 8ರಂದು, ಅದೇ ಸದನದಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆ ಬಂತು. ಪಕ್ಷಗಳ ಬಲಾಬಲದಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಿರಲಿಲ್ಲ. ಕಾಂಗ್ರೆಸ್ ವಿರೋಧಿಸಿತ್ತು, ಜೆಡಿಎಸ್ ಕೂಡ ವಿರೋಧಿಸುತ್ತೇವೆ ಎಂದಿತ್ತು. ವಿರೋಧ ಪಕ್ಷದ ಸದಸ್ಯರು ಸದನದ ಬಾವಿಗಿಳಿದರು, ಮಸೂದೆಯ ಪ್ರತಿಗಳು ಹರಿದವು, ಗದ್ದಲ ಮುಗಿಲು ಮುಟ್ಟಿತು. ಪೀಠದಲ್ಲಿದ್ದ ಉಪಸಭಾಪತಿ ಎಂ.ಕೆ. ಪ್ರಾಣೇಶ್ ಅವರು ಮಸೂದೆಯನ್ನು ಧ್ವನಿಮತಕ್ಕೆ ಹಾಕಿ ಅಂಗೀಕಾರವಾಯಿತೆಂದು ಘೋಷಿಸಿದರು. ಆ ದಿನ ಯಾರು ಪರ, ಯಾರು ವಿರುದ್ಧ, ಯಾರು ಮೊಗಸಾಲೆಯಲ್ಲಿ ನಿಂತು ನೋಡುತ್ತಿದ್ದರು ಎಂಬುದಕ್ಕೆ ಹೆಸರು ಹೆಸರಾದ ದಾಖಲೆ ಇಲ್ಲ. ದನ ಸಾಕುವ ರೈತನ ಮನೆಯಿಂದ ಹಿಡಿದು ಚರ್ಮದ ಕೆಲಸದವರ ಬದುಕಿನವರೆಗೆ ಮುಟ್ಟುವ ಒಂದು ಕಾನೂನು ಹಾಗೆ ಹುಟ್ಟಿತು. ಅದು ಒಳ್ಳೆಯ ಕಾನೂನು ಎನ್ನುವವರಿಗೂ ಕೆಟ್ಟದ್ದು ಎನ್ನುವವರಿಗೂ ಇಲ್ಲಿ ಆದ ನಷ್ಟ ಒಂದೇ. ಯಾರಿಗೆ ಧನ್ಯವಾದ ಹೇಳಬೇಕು, ಯಾರನ್ನು ಪ್ರಶ್ನಿಸಬೇಕು ಎಂಬುದು ಇಬ್ಬರಿಗೂ ತಿಳಿಯುವುದಿಲ್ಲ.

ನಮ್ಮ ಶಾಸಕರ, ಸಂಸದರ ಕೆಲಸವನ್ನು ಅಳೆಯಬೇಕು ಎಂಬ ಮಾತು ಈಗ ಹೊಸದೇನಲ್ಲ. ಚುನಾವಣೆ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ಒಂದು ಕೋಷ್ಟಕ ಬರುತ್ತದೆ: ಹಾಜರಾತಿ ಶೇಕಡಾ ಇಷ್ಟು, ಕೇಳಿದ ಪ್ರಶ್ನೆ ಇಷ್ಟು, ಭಾಗವಹಿಸಿದ ಚರ್ಚೆ ಇಷ್ಟು, ಮಂಡಿಸಿದ ಖಾಸಗಿ ಮಸೂದೆ ಇಷ್ಟು. 2005ರಲ್ಲಿ ದೆಹಲಿಯಲ್ಲಿ ಶುರುವಾದ ಪಿಆರ್‌ಎಸ್ ಸಂಸ್ಥೆ ಸಂಸತ್ತಿನ ದಾಖಲೆಗಳನ್ನು ಹೆಕ್ಕಿ ಈ ಮಾಹಿತಿಯನ್ನು ಎಲ್ಲರ ಕೈಗೆ ಸಿಗುವಂತೆ ಮಾಡಿತು. ಅದು ಸಣ್ಣ ಕೆಲಸವಲ್ಲ. 2024ರ ಲೋಕಸಭಾ ಚುನಾವಣೆಗೆ ಮುನ್ನ, ಕರ್ನಾಟಕದ ಕೆಲವು ಸಂಸದರು ಐದು ವರ್ಷದಲ್ಲಿ ಒಂದು ಚರ್ಚೆಯಲ್ಲೂ ಎದ್ದುನಿಂತು ಮಾತನಾಡಲಿಲ್ಲ ಎಂಬುದು ನಮಗೆ ಗೊತ್ತಾದದ್ದು ಇಂಥ ಲೆಕ್ಕದಿಂದಲೇ. ಆದರೆ ಈ ಕೋಷ್ಟಕದಲ್ಲಿ ಒಂದು ಕಾಲಂ ಕಾಣುವುದಿಲ್ಲ. ಇಂಥ ಕಾನೂನಿಗೆ ಇವರು ಹೇಗೆ ಮತ ಹಾಕಿದರು ಎಂಬ ಕಾಲಂ. ಕೋಷ್ಟಕ ಮಾಡಿದವರ ತಪ್ಪಲ್ಲ ಅದು. ಸದನವೇ ಬರೆದಿಡದ ಸಂಗತಿಯನ್ನು ಅವರು ಎಲ್ಲಿಂದ ತರಬೇಕು?

ನಾನು ಇಲ್ಲಿ ವಾದಿಸಲು ಹೊರಟಿರುವುದು ಇಷ್ಟೇ. ಸರ್ಕಾರದ ಉಳಿವಿನ ಪ್ರಶ್ನೆ ಬಂದಾಗ ನಾವು ತಲೆ ಎಣಿಸುತ್ತೇವೆ, ಕಾನೂನಿನ ಪ್ರಶ್ನೆ ಬಂದಾಗ ಕೂಗು ಕೇಳಿಸಿಕೊಂಡು ಸುಮ್ಮನಾಗುತ್ತೇವೆ. ಸರ್ಕಾರ ಹೆಚ್ಚೆಂದರೆ ಐದು ವರ್ಷ ಇರುತ್ತದೆ; ಕಾನೂನು ಮೂರು ತಲೆಮಾರು ಇದ್ದೀತು. ಎಣಿಕೆ ಎರಡಕ್ಕೂ ಬೇಕು, ಅದರಲ್ಲೂ ಕಾನೂನಿಗೆ ಹೆಚ್ಚು ಬೇಕು.

ತಲೆ ಎಣಿಸುವುದರ ಮಹತ್ವವನ್ನು ಇಡೀ ದೇಶಕ್ಕೆ ಮನದಟ್ಟು ಮಾಡಿದ ಪ್ರಕರಣ ಕರ್ನಾಟಕದ್ದೇ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂಪಡೆದಿದ್ದೇವೆ ಎಂದು 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಸದನದಲ್ಲಿ ಬಹುಮತ ತೋರಿಸುತ್ತೇನೆ, ಅವಕಾಶ ಕೊಡಿ ಎಂದು ಬೊಮ್ಮಾಯಿ ಕೇಳಿದರು. ಅಷ್ಟರಲ್ಲಿ ಪತ್ರ ಬರೆದವರಲ್ಲಿ ಕೆಲವರು ತಮ್ಮ ಮಾತು ವಾಪಸ್ ಪಡೆದೂ ಇದ್ದರು. ಆದರೂ ರಾಜ್ಯಪಾಲರು ಕೇಂದ್ರಕ್ಕೆ ವರದಿ ಕಳಿಸಿದರು, ರಾಷ್ಟ್ರಪತಿ ಆಳ್ವಿಕೆ ಬಂತು. ಐದು ವರ್ಷಗಳ ಮೇಲೆ, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸ್ಪಷ್ಟವಾಗಿ ಹೇಳಿತು: ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಿ ತೀರ್ಮಾನವಾಗುವ ವಿಷಯವಲ್ಲ, ಅದು ಸದನದಲ್ಲೇ ತೀರ್ಮಾನವಾಗಬೇಕು. ಅಂದಿನಿಂದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಮೊದಲು ಕೇಳಿಬರುವ ಹೆಸರು ಬೊಮ್ಮಾಯಿ ಪ್ರಕರಣದ್ದು.

ಸದನದಲ್ಲಿ ತೀರ್ಮಾನ ಎಂದರೆ ಸದನದಲ್ಲಿ ಎಣಿಕೆ ಎಂದು ನಮಗೆ ಮತ್ತೊಮ್ಮೆ ಕಲಿಸಿದ್ದು 2010. ಅಕ್ಟೋಬರ್ 11ರಂದು ಯಡಿಯೂರಪ್ಪ ಸರ್ಕಾರದ ವಿಶ್ವಾಸಮತ. ಅದಕ್ಕೂ ಮುನ್ನ 16 ಶಾಸಕರನ್ನು ಸ್ಪೀಕರ್ ಕೆ.ಜಿ. ಬೋಪಯ್ಯ ಅನರ್ಹಗೊಳಿಸಿದ್ದರು. ಸದನದಲ್ಲಿ ನೂಕುನುಗ್ಗಲು, ಮಾರ್ಷಲ್‌ಗಳು, ಕಿರುಚಾಟ. ಅದರ ನಡುವೆಯೇ ಪ್ರಸ್ತಾವ ಧ್ವನಿಮತದಿಂದ ಗೆದ್ದಿತು ಎಂದು ಘೋಷಣೆಯಾಯಿತು. ಅದನ್ನು ಒಪ್ಪಿದವರು ಕಡಿಮೆ. ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಮತ್ತೆ ಬಹುಮತ ತೋರಿಸಿ ಎಂದರು. ಮೂರು ದಿನದ ನಂತರ ಎಣಿಸಿಯೇ ಮತ ಹಾಕಿಸಿದರು: 106 ಪರ, 100 ವಿರುದ್ಧ. ಅನರ್ಹತೆಯ ಆದೇಶ ಕೋರ್ಟಿಗೆ ಹೋಗಿ ಮುಂದಿನ ವರ್ಷ ರದ್ದಾಯಿತು, ಅದು ಬೇರೆ ಕತೆ. ಎಣಿಕೆಯ ಮಟ್ಟಿಗೆ ಮಾತ್ರ, ಧ್ವನಿಮತ ಕೊಡಲಾರದ ನಂಬಿಕೆಯನ್ನು 106 ಮತ್ತು 100 ಎಂಬ ಎರಡು ಅಂಕಿಗಳು ಕೊಟ್ಟವು.

2019ರ ಜುಲೈ 23ರ ಸಂಜೆಯನ್ನು ಬಹಳ ಜನ ಟಿವಿಯಲ್ಲಿ ನೋಡಿದ್ದಾರೆ. ಕುಮಾರಸ್ವಾಮಿ ಅವರ ಸಮ್ಮಿಶ್ರ ಸರ್ಕಾರದ ವಿಶ್ವಾಸಮತ. ಸ್ಪೀಕರ್ ರಮೇಶ್ ಕುಮಾರ್ ಮೊದಲು ಧ್ವನಿಮತ ಕೇಳಿದರು, ಮತ ವಿಭಜನೆ ಬೇಕೆಂಬ ಬೇಡಿಕೆ ಬಂದ ಮೇಲೆ ಬಾಗಿಲು ಮುಚ್ಚಿಸಿದರು. ಒಂದೊಂದು ಸಾಲಿನ ಶಾಸಕರು ಎದ್ದು ನಿಲ್ಲುವುದು, ಸಿಬ್ಬಂದಿ ಹತ್ತಿರ ಬಂದು ಎಣಿಸುವುದು, ಆ ಸಾಲು ಕೂತ ಮೇಲೆ ಹಿಂದಿನ ಸಾಲು ಏಳುವುದು. 99 ಪರ, 105 ವಿರುದ್ಧ. ಗೈರಾದವರು ಯಾರೆಂದು ಹಳ್ಳಿಯ ಚಹಾ ಅಂಗಡಿಯಲ್ಲಿ ಕೂತವರೂ ಹೆಸರು ಹಿಡಿದು ಹೇಳಬಲ್ಲವರಾಗಿದ್ದರು. ಗೈರಾದವರಲ್ಲಿ 17 ಶಾಸಕರ ಅನರ್ಹತೆಯ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಉಪಚುನಾವಣೆಗಳಾದವು, ಮತದಾರರು ತಮ್ಮ ಅಭಿಪ್ರಾಯ ಹೇಳಿದರು. ಗೆಲ್ಲಿಸಿದರೋ ಸೋಲಿಸಿದರೋ, ಏನು ನಡೆಯಿತೆಂದು ತಿಳಿದೇ ತೀರ್ಪು ಕೊಟ್ಟರು. ಸಾಲು ಸಾಲಾಗಿ ಎದ್ದು ನಿಲ್ಲಿಸಿ ಎಣಿಸಲು ಸಾಧ್ಯವಿರುವ ಸದನಕ್ಕೆ ಒಂದು ಮಸೂದೆಯ ಮೇಲೆ ಅದೇ ಕೆಲಸ ಮಾಡಲು ಏನು ಕಷ್ಟ?

ನಿಯಮದಲ್ಲಿ ಅವಕಾಶ ಇಲ್ಲವೆಂದಲ್ಲ. ಸಭಾಧ್ಯಕ್ಷರು 'ಹೌದು' ಎನ್ನುವವರು ಹೇಳಿ, 'ಇಲ್ಲ' ಎನ್ನುವವರು ಹೇಳಿ ಎಂದು ಕೇಳಿ ಒಂದು ಅಭಿಪ್ರಾಯ ಹೇಳುತ್ತಾರೆ. ಯಾರಾದರೂ ಅದನ್ನು ಒಪ್ಪದಿದ್ದರೆ ಮತ ವಿಭಜನೆ ಕೇಳಬಹುದು. ಲೋಕಸಭೆಯಲ್ಲಿ ಆಗ ಮೂರೂವರೆ ನಿಮಿಷ ಗಂಟೆ ಬಾರಿಸುತ್ತದೆ, ಕ್ಯಾಂಟೀನಿನಲ್ಲಿ, ಗ್ರಂಥಾಲಯದಲ್ಲಿ ಇರುವವರೆಲ್ಲ ಓಡಿ ಬರಬೇಕು, ಆಮೇಲೆ ಬಾಗಿಲು ಮುಚ್ಚುತ್ತದೆ. ಸದಸ್ಯರ ಆಸನದ ಮುಂದೆ ಗುಂಡಿಗಳಿವೆ: ಹಸಿರು ಪರ, ಕೆಂಪು ವಿರುದ್ಧ, ಹಳದಿ ತಟಸ್ಥ. ಯಂತ್ರ ಕೈಕೊಟ್ಟರೆ ಚೀಟಿ ಹಂಚುತ್ತಾರೆ. ಹೆಸರುಗಳು ಆ ದಿನದ ನಡವಳಿಯಲ್ಲಿ ಅಚ್ಚಾಗುತ್ತವೆ. ಆದರೆ ಲೋಕಸಭೆಯ 367ನೇ ನಿಯಮದಲ್ಲೇ ಇನ್ನೊಂದು ದಾರಿಯೂ ಇದೆ. ಮತ ವಿಭಜನೆಯನ್ನು ಅನಗತ್ಯವಾಗಿ ಕೇಳಿದ್ದಾರೆ ಎಂದು ಸ್ಪೀಕರ್‌ಗೆ ಅನಿಸಿದರೆ, ಪರ ಇರುವವರು, ವಿರುದ್ಧ ಇರುವವರು ಎದ್ದು ನಿಲ್ಲಿ ಎಂದು ಎಣಿಸಿ ಮುಗಿಸಬಹುದು. ಆಗ ಮತ ಹಾಕಿದವರ ಹೆಸರನ್ನು ದಾಖಲಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಅಗತ್ಯವೋ ಅನಗತ್ಯವೋ ಎಂಬ ತೀರ್ಮಾನ ಒಬ್ಬರ ಕೈಯಲ್ಲಿದೆ. ನಮ್ಮ ಸದನಗಳಲ್ಲಿ ಆ ಒಬ್ಬರು ಸಾಮಾನ್ಯವಾಗಿ ಆಡಳಿತ ಪಕ್ಷ ಆರಿಸಿ ಕೂರಿಸಿದವರೇ ಆಗಿರುತ್ತಾರೆ.

ಇದರ ಪರಿಣಾಮ ಏನೆಂಬುದಕ್ಕೆ ಕೇಂದ್ರದ ಮೂರು ಕೃಷಿ ಕಾಯ್ದೆಗಳಿಗಿಂತ ದೊಡ್ಡ ಉದಾಹರಣೆ ಬೇಡ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾದವು. ವಿರೋಧ ಪಕ್ಷಗಳು ಮತ ವಿಭಜನೆ ಕೇಳಿದ್ದವು. ಸದಸ್ಯರು ತಮ್ಮ ಆಸನದಲ್ಲಿ ಕೂತು ಕೇಳಲಿಲ್ಲ ಎಂಬುದು ಪೀಠದಲ್ಲಿದ್ದ ಉಪಸಭಾಪತಿ ಹರಿವಂಶ್ ಅವರ ಕಡೆಯ ಸಮರ್ಥನೆಯಾಗಿತ್ತು. ಮರುದಿನ ಎಂಟು ಸದಸ್ಯರು ಅಮಾನತಾದರು. ಒಂದು ವರ್ಷಕ್ಕೂ ಹೆಚ್ಚು ಕಾಲ ರೈತರು ದೆಹಲಿಯ ಗಡಿಯಲ್ಲಿ ಕೂತರು. 2021ರ ನವೆಂಬರ್ 29ರಂದು ಅವೇ ಕಾಯ್ದೆಗಳನ್ನು ಹಿಂಪಡೆಯುವ ಮಸೂದೆ ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಧ್ವನಿಮತದಿಂದ ಪಾಸಾಯಿತು. ಕಾಯ್ದೆ ಬಂದಾಗಲೂ ಹೆಸರಿಲ್ಲ, ಹೋದಾಗಲೂ ಹೆಸರಿಲ್ಲ. ಇಷ್ಟು ದೊಡ್ಡ ಹೋರಾಟ ನಡೆದ ವಿಷಯದಲ್ಲಿ ನಮ್ಮ ಮಂಡ್ಯದ, ಹಾವೇರಿಯ, ಕಲಬುರಗಿಯ ಸಂಸದರು ಎಲ್ಲಿ ನಿಂತರು ಎಂಬುದನ್ನು ಅವರ ಭಾಷಣದಿಂದ, ಪಕ್ಷದಿಂದ ಊಹಿಸಬೇಕೇ ಹೊರತು ಅವರ ಮತದಿಂದ ಹೇಳುವಂತಿಲ್ಲ.

ಧ್ವನಿಮತ ಆಡಳಿತ ಪಕ್ಷಕ್ಕೆ ಮಾತ್ರ ಅನುಕೂಲ ಎಂದುಕೊಂಡರೆ ಅರ್ಧ ಸತ್ಯ. 2025ರ ಮಾರ್ಚ್ 21ರ ವಿಧಾನಸಭೆಯನ್ನು ನೋಡಿ. ಹನಿಟ್ರ್ಯಾಪ್ ಆರೋಪದ ಗಲಾಟೆ, ಸ್ಪೀಕರ್ ಪೀಠದತ್ತ ತೂರಿದ ಕಾಗದಗಳು, ಬಿಜೆಪಿಯ 18 ಶಾಸಕರ ಅಮಾನತು. ಅದೇ ದಿನ, ಅದೇ ಗದ್ದಲದಲ್ಲಿ, ಮುಖ್ಯಮಂತ್ರಿ, ಸಚಿವರು ಮತ್ತು ಶಾಸಕರ ವೇತನ ಹೆಚ್ಚಿಸುವ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಶಾಸಕರ ಮೂಲ ವೇತನ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯ ವೇತನ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು. ವೇತನ ಹೆಚ್ಚಿಸಿಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕ್ಷೇತ್ರದಲ್ಲಿ ಓಡಾಡುವ ಪ್ರಾಮಾಣಿಕ ಶಾಸಕನಿಗೆ ಖರ್ಚು ಇದ್ದೇ ಇದೆ, ಅವನಿಗೆ ಸರಿಯಾದ ಸಂಬಳ ಕೊಡುವುದೇ ಸಮಾಜಕ್ಕೆ ಕ್ಷೇಮ. ಆದರೆ ತನ್ನ ಸಂಬಳವನ್ನು ತಾನೇ ನಿಗದಿ ಮಾಡಿಕೊಳ್ಳುವ ಅಧಿಕಾರ ಇರುವವರು, ಹೌದು, ನಾನು ಇದಕ್ಕೆ ಮತ ಹಾಕಿದ್ದೇನೆ ಎಂದು ಹೆಸರು ಬರೆಸಲು ಹಿಂಜರಿಯಬಾರದು. ಅಂಥ ದಿನ ಎರಡೂ ಕಡೆಯವರಿಗೆ ಗದ್ದಲ ಒಂದು ಮರೆಯಾಗಿಬಿಡುತ್ತದೆ. ವಿರೋಧ ಪಕ್ಷಕ್ಕೆ ಪ್ರತಿಭಟನೆಯ ಸುದ್ದಿ ಸಿಗುತ್ತದೆ, ಆಡಳಿತ ಪಕ್ಷಕ್ಕೆ ಮಸೂದೆ ಸಿಗುತ್ತದೆ, ಸಂಬಳ ಇಬ್ಬರಿಗೂ ಸಿಗುತ್ತದೆ.

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ಅದು ಬಲವಾದ ಆಕ್ಷೇಪ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆ ಇರುವಾಗ ಸದಸ್ಯರ ಮತವನ್ನು ದಾಖಲಿಸಿ ಏನು ಪ್ರಯೋಜನ? 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿತು. ಪಕ್ಷದ ವಿಪ್ ಮೀರಿ ಮತ ಹಾಕಿದರೆ, ಅಥವಾ ಮತ ಹಾಕದೆ ದೂರ ಉಳಿದರೂ, ಸದಸ್ಯತ್ವ ಹೋಗಬಹುದು. ಹಾಗಾಗಿ ಪಕ್ಷ ಹೇಳಿದಂತೆ ಎಲ್ಲರೂ ಮತ ಹಾಕುತ್ತಾರೆ. ಪಟ್ಟಿ ಪ್ರಕಟಿಸಿದರೆ ಪಕ್ಷದ ಸಂಖ್ಯಾಬಲವೇ ಮತ್ತೊಮ್ಮೆ ಕಾಣುತ್ತದೆ ಅಷ್ಟೇ, ವ್ಯಕ್ತಿಯ ನಿಲುವು ಕಾಣುವುದಿಲ್ಲ ಎನ್ನುತ್ತಾರೆ.

ಆದರೆ ಆ ಅನುಸೂಚಿಯನ್ನು ಸಾವಧಾನವಾಗಿ ಓದಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ವಿಪ್ ಉಲ್ಲಂಘಿಸಿದವರನ್ನು ಪಕ್ಷ 15 ದಿನಗಳೊಳಗೆ ಕ್ಷಮಿಸಬಹುದು ಎನ್ನುತ್ತದೆ ಅದು. ಎಂದರೆ ಯಾರು ಹೇಗೆ ಮತ ಹಾಕಿದರು ಎಂಬುದು ಪಕ್ಷಕ್ಕೆ ತಿಳಿದೇ ಇರುತ್ತದೆ ಎಂದು ಸಂವಿಧಾನ ಭಾವಿಸಿದೆ. ಮುಖ್ಯ ಸಚೇತಕರ ಕೆಲಸವೇ ಅದು: ಯಾರು ಬಂದರು, ಯಾರು ಬರಲಿಲ್ಲ, ಯಾರು ಕೊನೆಯ ಗಳಿಗೆಯಲ್ಲಿ ಶೌಚಾಲಯಕ್ಕೆ ಹೋದರು ಎಂದು ಪಟ್ಟಿ ಇಟ್ಟುಕೊಳ್ಳುವುದು. ರಾಜ್ಯಸಭಾ ಚುನಾವಣೆಯಲ್ಲಂತೂ 2003ರಿಂದ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಶಾಸಕ ತನ್ನ ಮತದ ಲೆಕ್ಕವನ್ನು ಪಕ್ಷಕ್ಕೆ ಒಪ್ಪಿಸುತ್ತಾನೆ, ಒಪ್ಪಿಸದಿದ್ದರೆ ಶಿಕ್ಷೆಯಾಗುತ್ತದೆ. ಅವನನ್ನು ಆರಿಸಿ ಕಳಿಸಿದ ಲಕ್ಷಾಂತರ ಜನರಿಗೆ ಮಾತ್ರ ಆ ಲೆಕ್ಕ ಸಿಗುವುದಿಲ್ಲ. ವಿಪ್ ಇರುವುದರಿಂದ ದಾಖಲೆ ಬೇಡ ಎನ್ನುವುದು ಉಲ್ಟಾ ವಾದ. ವಿಪ್ ಇರುವುದರಿಂದಲೇ ದಾಖಲೆ ಇನ್ನೂ ಹೆಚ್ಚು ಬೇಕು. ಒಬ್ಬ ಯಜಮಾನನಿಗೆ ಲೆಕ್ಕ ಸಿಕ್ಕಿ ಇನ್ನೊಬ್ಬನಿಗೆ ಸಿಗದಿದ್ದರೆ ಆಳು ಯಾರ ಮಾತು ಕೇಳುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ವಿಪ್ ಎಲ್ಲದಕ್ಕೂ ಅನ್ವಯವಾಗಲೇಬೇಕು ಎಂದೂ ಇಲ್ಲ. 1992ರಲ್ಲಿ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಹತ್ತನೇ ಅನುಸೂಚಿಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಸರ್ಕಾರದ ಅಳಿವು ಉಳಿವಿಗೆ ಸಂಬಂಧಿಸಿದ ಅಥವಾ ಪಕ್ಷ ಯಾವ ನೀತಿಯ ಮೇಲೆ ಜನರ ಮುಂದೆ ಹೋಯಿತೋ ಅಂಥ ವಿಷಯದ ಮತಗಳಿಗೆ ಮಾತ್ರ ಇಂಥ ಕಟ್ಟುನಿಟ್ಟಿನ ವಿಪ್ ಇರುವುದು ಸೂಕ್ತ ಎಂದಿತ್ತು. ಪಕ್ಷಗಳು ಆ ಸಲಹೆಯನ್ನು ಪಾಲಿಸಲಿಲ್ಲ. ಸಂಸದ ಮನೀಶ್ ತಿವಾರಿ 2010ರಲ್ಲಿ ಇದೇ ಆಶಯದ ಖಾಸಗಿ ಮಸೂದೆ ತಂದರು, ಮುಂದೆ ಹೋಗಲಿಲ್ಲ. ಮತಗಳು ದಾಖಲಾಗತೊಡಗಿದರೆ, ಒಂದು ಪಶುವೈದ್ಯಕೀಯ ವಿಶ್ವವಿದ್ಯಾಲಯದ ತಿದ್ದುಪಡಿಗೂ ವಿಪ್ ಹೊರಡಿಸುವ ಅಸಂಗತತೆ ಜನರ ಕಣ್ಣಿಗೆ ಬೀಳುತ್ತದೆ. ವಿಪ್ ಸಡಿಲವಾಗಬೇಕು ಎಂಬ ಒತ್ತಾಯಕ್ಕೆ ಶಕ್ತಿ ಬರುವುದು ಹಾಗೆ.

ಇನ್ನೊಂದು ಲಾಭ ಇದೆ, ಅದನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಹೆಸರು ಬರೆದಿಟ್ಟಾಗ ಕಾರಣ ಹೇಳಬೇಕಾಗುತ್ತದೆ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ಎಣಿಕೆ ತಪ್ಪುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿಯ ತಿದ್ದುಪಡಿ ಲೋಕಸಭೆಯಲ್ಲಿ 454 ಮತಗಳಿಂದ ಗೆದ್ದಿತು. ವಿರುದ್ಧ ಬಿದ್ದವು ಎರಡೇ. ಅಸಾದುದ್ದೀನ್ ಓವೈಸಿ ಮತ್ತು ಇಮ್ತಿಯಾಜ್ ಜಲೀಲ್ ಅವರ ಮತಗಳು ಅವು. ಹಿಂದುಳಿದ ವರ್ಗದ ಮತ್ತು ಮುಸ್ಲಿಂ ಮಹಿಳೆಯರಿಗೆ ಒಳಮೀಸಲು ಇಲ್ಲ ಎಂಬುದು ತಮ್ಮ ಕಾರಣ ಎಂದು ಅವರು ಹೇಳಿದರು. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ, 454ರ ಎದುರು ಇಬ್ಬರು ನಿಂತದ್ದಕ್ಕೆ ಒಂದು ವಾದ ಸಾರ್ವಜನಿಕವಾಗಿ ಉಳಿಯಿತು. ಪರ ಮತ ಹಾಕಿದವರೂ ಮುಂದಿನ ಚುನಾವಣೆಯಲ್ಲಿ, ಹಾಗಾದರೆ ನಿಮ್ಮ ಪಕ್ಷದ ಟಿಕೆಟ್ ಎಷ್ಟು ಮಹಿಳೆಯರಿಗೆ ಕೊಟ್ಟಿರಿ ಎಂಬ ಪ್ರಶ್ನೆಗೆ ಉತ್ತರಿಸಬೇಕು. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆಗೆ ನಡುರಾತ್ರಿ ದಾಟಿದ ಮೇಲೆ ಲೋಕಸಭೆಯಲ್ಲಿ ಮತ ಎಣಿಸಿದರು: 288 ಪರ, 232 ವಿರುದ್ಧ. ಅದು ಸಾಮಾನ್ಯ ಮಸೂದೆ, ವಿಶೇಷ ಬಹುಮತ ಬೇಕಿರಲಿಲ್ಲ. ವಿರೋಧ ಪಕ್ಷ ಕೇಳಿತು, ಪೀಠ ಒಪ್ಪಿತು, ಸದಸ್ಯರು ಆ ಹೊತ್ತಿನವರೆಗೂ ಕಾದು ಕೂತರು. ಮನಸ್ಸಿದ್ದರೆ ಸಮಯ ಸಿಗುತ್ತದೆ.

ಮತದ ದಾಖಲೆ ಇಲ್ಲದ ಕಡೆ ನಾವು ಹಾಜರಾತಿ ಮತ್ತು ಪ್ರಶ್ನೆಗಳ ಸಂಖ್ಯೆಗೆ ಜೋತುಬೀಳುತ್ತೇವೆ. ಅವೆರಡೂ ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿದಿರಲಿ. ಸಂಸತ್ತಿನ ಹಾಜರಿ ಪುಸ್ತಕಕ್ಕೆ ಸಚಿವರು ಸಹಿ ಹಾಕುವುದಿಲ್ಲ, ಹಾಗಾಗಿ ಅವರಿಗೆ ಲೆಕ್ಕವೇ ಇಲ್ಲ. ಉಳಿದವರು ಸಹಿ ಹಾಕಿದರೆ ದಿನಭತ್ಯೆ ಸಿಗುತ್ತದೆ. ಸಹಿಯ ನಂತರ ಹತ್ತು ನಿಮಿಷ ಕೂತವರಿಗೂ ದಿನವಿಡೀ ಕೂತವರಿಗೂ ಪುಸ್ತಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕರ್ನಾಟಕ ವಿಧಾನಸಭೆಯಲ್ಲಿ ಶಾಸಕರು ಒಳಗೆ ಬಂದ ಸಮಯ, ಹೋದ ಸಮಯ ಗುರುತಿಸಲು ಎಐ ಕ್ಯಾಮೆರಾದ ವ್ಯವಸ್ಥೆಯನ್ನು ಸ್ಪೀಕರ್ ಯು.ಟಿ. ಖಾದರ್ ತಂದರು. ಒಳ್ಳೆಯ ಪ್ರಯತ್ನ. ಒಳಗೆ ಎಷ್ಟು ಹೊತ್ತು ಇದ್ದರು ಎಂಬುದನ್ನು ಯಂತ್ರದಿಂದ ಅಳೆಯುವ ಸದನ, ಒಳಗಿದ್ದು ಏನು ತೀರ್ಮಾನ ಮಾಡಿದರು ಎಂಬುದನ್ನೂ ಬರೆದಿಡಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಪ್ರಶ್ನೆಗಳ ವಿಷಯ ಸ್ವಲ್ಪ ಬೇರೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಯಾರ ಪ್ರಶ್ನೆ ಮೇಲೆ ಬರುತ್ತದೆ ಎಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಚುಕ್ಕೆ ಗುರುತಿನವಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಎದುರಿಸಬೇಕು. ಒಂದು ಗಂಟೆಯಲ್ಲಿ ಅವುಗಳಲ್ಲಿ ಕೆಲವು ಮಾತ್ರ ಮುಗಿಯುತ್ತವೆ. ಉಳಿದವಕ್ಕೆ ಲಿಖಿತ ಉತ್ತರ. ಈ ಲಿಖಿತ ಉತ್ತರಗಳನ್ನು ಕಡೆಗಣಿಸಬಾರದು. ಒಂದು ರೈಲು ಮಾರ್ಗಕ್ಕೆ ಎಷ್ಟು ಹಣ ಬಂತು, ಒಂದು ಯೋಜನೆಯಲ್ಲಿ ಎಷ್ಟು ಹುದ್ದೆ ಖಾಲಿ ಇದೆ ಎಂಬ ಮಾಹಿತಿ ಎಷ್ಟೋ ಸಲ ಮೊದಲು ಹೊರಬರುವುದು ಅಲ್ಲಿಂದ. ಆದರೆ ಸಂಖ್ಯೆ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ 11 ಸಂಸದರನ್ನು ಸಂಸತ್ತು ಉಚ್ಚಾಟಿಸಿತು. ಕೋಷ್ಟಕದಲ್ಲಿ ಅಂಥ ಪ್ರಶ್ನೆಯೂ ಒಂದು ಅಂಕವೇ. ಖಾಸಗಿ ಮಸೂದೆಗಳ ಕತೆಯೂ ಹೀಗೆಯೇ: ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಕಾನೂನಾದ ಖಾಸಗಿ ಮಸೂದೆಗಳು 14, ಕೊನೆಯದು 1970ರಲ್ಲಿ. ಮಂಡಿಸಿದ ಸಂಖ್ಯೆ ಆಸಕ್ತಿಯ ಗುರುತು ಆಗಬಹುದು, ಅದಕ್ಕಿಂತ ಹೆಚ್ಚಿನದಲ್ಲ.

ನಿಜವಾದ ಕೆಲಸ ನಡೆಯುವುದು ಸ್ಥಾಯಿ ಸಮಿತಿಗಳಲ್ಲಿ ಎನ್ನುವವರಿದ್ದಾರೆ, ಅದು ಸರಿ. ಮಸೂದೆಯ ಒಂದೊಂದು ಕಲಮನ್ನೂ ಹಿಂಜಿ ನೋಡುವುದು ಅಲ್ಲಿ. ಆ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆದರೂ, ಯಾರು ಬಂದಿದ್ದರು ಎಂಬ ಪಟ್ಟಿ ಮತ್ತು ಒಪ್ಪದವರ ಭಿನ್ನಮತದ ಟಿಪ್ಪಣಿ ವರದಿಯ ಕೊನೆಯಲ್ಲಿ ಇರುತ್ತವೆ. ಸದಸ್ಯರೊಬ್ಬರು ಏನು ಯೋಚಿಸಿದರು ಎಂಬುದು ಅವರ ಸಾವಿರ ಪ್ರಶ್ನೆಗಳಿಗಿಂತ ಆ ಎರಡು ಪುಟದ ಭಿನ್ನಮತದಲ್ಲಿ ಚೆನ್ನಾಗಿ ಕಾಣುತ್ತದೆ. 17ನೇ ಲೋಕಸಭೆಯಲ್ಲಿ ಸಮಿತಿಗೆ ಹೋದ ಮಸೂದೆಗಳು ನೂರಕ್ಕೆ 16ರಷ್ಟು ಮಾತ್ರ ಎಂಬುದನ್ನು ಇದರ ಜೊತೆಗೆ ಇಟ್ಟು ನೋಡಬೇಕು. ರಾಜ್ಯದಲ್ಲಂತೂ ಬೆಳಿಗ್ಗೆ ಮಂಡನೆಯಾಗಿ ಸಂಜೆಯೊಳಗೆ ಪಾಸಾಗುವ ಮಸೂದೆಗಳ ರೂಢಿ ಇದೆ. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕೆಂದು ಕರ್ನಾಟಕವೇ 2005ರಲ್ಲಿ ಕಾನೂನು ಮಾಡಿಕೊಂಡಿದೆ; ಆ ಗುರಿ ಮುಟ್ಟಿದ ವರ್ಷಗಳು ಅಪರೂಪ.

ಮತದಾರರಿಗೆ ಇದೆಲ್ಲ ಬೇಕಾಗಿಲ್ಲ, ಅವರು ಕೇಳುವುದು ರಸ್ತೆ, ಚರಂಡಿ, ವರ್ಗಾವಣೆ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಶಾಸಕರ ಕಚೇರಿಯ ಮುಂದೆ ಬೆಳಿಗ್ಗೆ ನಿಂತವರ ಕೈಯಲ್ಲಿ ಆಸ್ಪತ್ರೆಯ ಬಿಲ್ಲು, ಮಗನ ಸೀಟಿನ ಅರ್ಜಿ, ಪಹಣಿ ತಿದ್ದುಪಡಿಯ ಕಾಗದ ಇರುತ್ತವೆ ನಿಜ. ಆ ಮೂರೂ ಕಾಗದಗಳ ಹಿಂದೆ ಒಂದೊಂದು ಕಾನೂನಿದೆ. ಖಾಸಗಿ ಆಸ್ಪತ್ರೆಯ ದರ ಎಷ್ಟಿರಬೇಕು, ಶುಲ್ಕ ಯಾರು ನಿಗದಿ ಮಾಡಬೇಕು, ಜಮೀನು ಯಾರಿಗೆ ಮಾರಬಹುದು ಎಂದು ತೀರ್ಮಾನಿಸಿದ್ದು ಸದನ. ಅಲ್ಲಿ ತಮ್ಮ ಶಾಸಕರು ಏನು ಮಾಡಿದರೆಂದು ಗೊತ್ತಾಗುವ ದಾರಿಯೇ ಇಲ್ಲದಿದ್ದಾಗ, ಜನ ಕಣ್ಣಿಗೆ ಕಾಣುವುದನ್ನು ಅಳೆಯುತ್ತಾರೆ. ಶಾಸಕರ ಅನುದಾನದಲ್ಲಿ ಕಟ್ಟಿದ ಬಸ್ ತಂಗುದಾಣದ ಮೇಲೆ ಅವರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ, ವರ್ಷ, ಮೊತ್ತ ಎಲ್ಲವೂ ಇರುತ್ತದೆ. ಅವರು ಮಾಡಿದ ಕಾನೂನಿನಲ್ಲಿ ಅವರ ಹೆಸರು ಎಲ್ಲಿಯೂ ಇರುವುದಿಲ್ಲ.

ಹೊರಗಿನ ಅನುಭವ ಏನು ಹೇಳುತ್ತದೆ? ಬ್ರಿಟನ್ನಿನ ಕಾಮನ್ಸ್ ಸಭೆ 1836ರಿಂದ ಮತ ವಿಭಜನೆಯ ಹೆಸರುಪಟ್ಟಿಯನ್ನು ಅಧಿಕೃತವಾಗಿ ಪ್ರಕಟಿಸುತ್ತ ಬಂದಿದೆ. ಅಮೆರಿಕದ ಸಂವಿಧಾನ, ಹಾಜರಿರುವ ಸದಸ್ಯರಲ್ಲಿ ಐದನೇ ಒಂದು ಭಾಗ ಕೇಳಿದರೆ ಹೆಸರು ಸಹಿತ ಮತ ದಾಖಲಾಗಲೇಬೇಕು ಎನ್ನುತ್ತದೆ. ಅಲ್ಲಿ ಅದು ಪೀಠದ ಮರ್ಜಿಯ ಪ್ರಶ್ನೆಯಲ್ಲ. ಅಲ್ಲಿನ ತೊಂದರೆಯನ್ನೂ ಹೇಳಬೇಕು. ಎಲ್ಲ ಮತ ದಾಖಲಾಗುವಾಗ ಹಣವಂತ ಹಿತಾಸಕ್ತಿಗಳೂ ಅದನ್ನು ನೋಡುತ್ತವೆ, ತಮಗೆ ಬೇಡದ ಮತ ಹಾಕಿದವರನ್ನು ಹುಡುಕಿ ಸೋಲಿಸಲು ಹಣ ಸುರಿಯುತ್ತವೆ ಎಂಬ ಟೀಕೆ ಅಲ್ಲಿದೆ. ನಮ್ಮಲ್ಲಿ ಜಾತಿ, ಧರ್ಮದ ಗುಂಪುಗಳು ಅದನ್ನೇ ಮಾಡಬಹುದು ಎಂಬ ಭಯ ಸುಳ್ಳಲ್ಲ. ಆದರೆ ಹಣವಂತರಿಗೆ ಇಲ್ಲಿ ಈಗಲೂ ಪಕ್ಷದ ವರಿಷ್ಠರ ಮೂಲಕ ಎಲ್ಲವೂ ತಿಳಿಯುತ್ತದೆ. ತಿಳಿಯದಿರುವುದು ಉಳಿದವರಿಗೆ ಮಾತ್ರ. ಇನ್ನು ಬಲಾಢ್ಯ ಗುಂಪಿನ ಎದುರು ಮತ ಹಾಕಿದ ಶಾಸಕರಿಗೆ ಸಂವಿಧಾನದ 194ನೇ ವಿಧಿ ರಕ್ಷಣೆ ಕೊಟ್ಟಿದೆ. ಸದನದಲ್ಲಿ ಹಾಕಿದ ಮತಕ್ಕಾಗಿ ಅವರನ್ನು ಯಾವ ಕೋರ್ಟಿಗೂ ಎಳೆಯುವಂತಿಲ್ಲ. ಲಂಚ ಪಡೆದು ಹಾಕಿದ ಮತಕ್ಕೆ ಈ ರಕ್ಷಣೆ ಇಲ್ಲ ಎಂದು 2024ರ ಮಾರ್ಚ್ 4ರಂದು ಸೀತಾ ಸೊರೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟೊಂದು ರಕ್ಷಣೆಯನ್ನು ಸಂವಿಧಾನ ಕೊಟ್ಟದ್ದು ಶಾಸಕರು ನಿರ್ಭಯವಾಗಿ, ಬಹಿರಂಗವಾಗಿ ನಿಲ್ಲಲಿ ಎಂದೇ.

ಆಗಬೇಕಾದ್ದು ದೊಡ್ಡ ಕ್ರಾಂತಿಯೇನಲ್ಲ. ಸಂವಿಧಾನದ 208ನೇ ವಿಧಿಯ ಪ್ರಕಾರ ತನ್ನ ನಡವಳಿಯ ನಿಯಮ ಮಾಡಿಕೊಳ್ಳುವ ಅಧಿಕಾರ ವಿಧಾನಮಂಡಲಕ್ಕೇ ಇದೆ. ದೆಹಲಿಯ ಅಪ್ಪಣೆ ಬೇಕಿಲ್ಲ, ಸಂವಿಧಾನ ತಿದ್ದುವುದೂ ಬೇಡ. ಪ್ರತಿ ಮಸೂದೆಯ ಅಂತಿಮ ಅಂಗೀಕಾರಕ್ಕೆ ಹೆಸರು ಸಹಿತ ಮತ ಕಡ್ಡಾಯ ಎಂಬ ಒಂದು ನಿಯಮ ಸಾಕು. ನಡುವಿನ ಕಲಮುಗಳಿಗೆ, ಕಲಾಪದ ಸಣ್ಣಪುಟ್ಟ ಪ್ರಸ್ತಾವಗಳಿಗೆ ಧ್ವನಿಮತ ಇರಲಿ. ಒಂದು ಅಧಿವೇಶನದಲ್ಲಿ 20 ಮಸೂದೆ ಬಂದರೂ, ಒಂದೊಂದಕ್ಕೆ ಐದು ನಿಮಿಷದ ಲೆಕ್ಕದಲ್ಲಿ ಎರಡು ಗಂಟೆಯೊಳಗೆ ಮುಗಿಯುವ ಕೆಲಸ. ಗದ್ದಲ ನಡೆಯುವಾಗ ಎಣಿಸಲು ಆಗುವುದಿಲ್ಲ ಎಂದರೆ, ಗದ್ದಲ ನಡೆಯುವಾಗ ಮಸೂದೆ ಪಾಸಾಗಬಾರದು ಎಂದೇ ಅದರ ಅರ್ಥ. ಬಾವಿಗಿಳಿದವರು ಮತ ಹಾಕಲು ತಮ್ಮ ಆಸನಕ್ಕೆ ಮರಳಲೇಬೇಕಾಗುತ್ತದೆ, ಅದು ಸದನಕ್ಕೆ ಇನ್ನೊಂದು ಉಪಕಾರ. ಆ ಪಟ್ಟಿ ಸಾವಿರ ಪುಟದ ನಡವಳಿಯ ನಡುವೆ ಹೂತುಹೋಗದೆ, ಕನ್ನಡದಲ್ಲಿ, 224 ಕ್ಷೇತ್ರಗಳ ಹೆಸರಿನಡಿ ಬೇರೆ ಬೇರೆಯಾಗಿ, ಅದೇ ವಾರ ಸಿಗಬೇಕು.

ನಿಯಮ ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಒಬ್ಬ ಶಾಸಕ ಮನಸ್ಸು ಮಾಡಿದರೆ ಅಧಿವೇಶನ ಮುಗಿದ ವಾರದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ತನ್ನ ಕ್ಷೇತ್ರದ ಗ್ರಾಮ ಪಂಚಾಯಿತಿಗಳಿಗೆ, ವಾಚನಾಲಯಗಳಿಗೆ ಕಳಿಸಬಹುದು: ಬಂದ ಮಸೂದೆಗಳು ಇವು, ಇದಕ್ಕೆ ಪರ ಇದ್ದೆ, ಇದಕ್ಕೆ ವಿರುದ್ಧ ಇದ್ದೆ, ಇದರ ದಿನ ಸದನದಲ್ಲಿ ಇರಲಿಲ್ಲ, ಕಾರಣ ಇದು. ಪಕ್ಷದ ವಿಪ್ ಇದ್ದರೆ ವಿಪ್ ಇತ್ತು ಎಂದೂ ಬರೆಯಬಹುದು. ಇದಕ್ಕೆ ಸಭಾಧ್ಯಕ್ಷರ ಅನುಮತಿ ಬೇಕಿಲ್ಲ, ವಿಪ್‌ನ ಉಲ್ಲಂಘನೆಯೂ ಆಗುವುದಿಲ್ಲ. ಅಂಥ ಹಾಳೆ ಬಾರದ ಕ್ಷೇತ್ರದವರು ಗ್ರಾಮಸಭೆಗೆ ಬಂದ ತಮ್ಮ ಶಾಸಕರನ್ನು, ಚರಂಡಿಯ ಪ್ರಶ್ನೆ ಮುಗಿದ ಮೇಲೆ, ಕಳೆದ ಅಧಿವೇಶನದ ಒಂದೇ ಒಂದು ಮಸೂದೆಯ ಹೆಸರು ಹೇಳಿ ಕೇಳಬಹುದು.